ಕ್ಯಾಮೆರಾದ ಮೂರು ಲೆಕ್ಕ: ಕೈಬಿಟ್ಟು ಹೋದದ್ದು, ತಿರುಗಿ ಬಂದದ್ದು

ನಮ್ಮ ವಾಚನಾಲಯಕ್ಕೆ ಒಂದು ಕ್ಯಾಮೆರಾ ಕೊಳ್ಳಬೇಕು ಎಂಬ ಮಾತು ಬಂದು ಒಂದು ವರ್ಷವಾಯಿತು. ತಾಳವಾಡಿ ಸೀಮೆಯಲ್ಲಿ ಮಾದೇಶ್ವರನ ಕತೆ, ಮಂಟೇಸ್ವಾಮಿ ಕತೆ ಹಾಡುವ ಹಳಬರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಉಳಿದವರ ಮುಖ, ಅವರು ತಂಬೂರಿ ಹಿಡಿಯುವ ಬಗೆ, ಕಂಸಾಳೆ ಬೀಸುವ ಬಗೆ ಚಿತ್ರದಲ್ಲಾದರೂ ಇರಲಿ ಎಂಬುದು ನಮ್ಮ ಆಸೆ. ಹುಡುಗರು, “ದೊಡ್ಡಪ್ಪ, ಕೈಲಿ ಫೋನೇ ಅದೆಯಲ್ಲ, ಇನ್ನೇನು ಬೇಕು?” ಅಂತಾರೆ. ಮೇಷ್ಟ್ರುಗಳು, “ಹಳೇ ಫಿಲಂ ಕ್ಯಾಮೆರಾದ ಥರ ಕೈಯಲ್ಲೇ ತಿರುಗಿಸುವ ಡಿಜಿಟಲ್ ಕ್ಯಾಮೆರಾ ಬಂದಿದೆಯಂತೆ, ಅದೇನು ವಿಚಾರಿಸಿ” ಅಂತಾರೆ. ನಾನು ಹುಡುಗನಾಗಿದ್ದಾಗ ಚಾಮರಾಜನಗರದ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ಕೈಯಾಳಾಗಿದ್ದೆ. ಓದಿದ್ದು ಏಳನೇ ಕ್ಲಾಸಾದರೂ ಕತ್ತಲೆ ಕೋಣೆಯ ಕೆಲಸ ಬಲ್ಲೆ. ಹಾಗಾಗಿ ಈ ವಿಚಾರ ನನ್ನ ಪಾಲಿಗೆ ಬಂತು. ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕೆ ಮುಂಚೆ, ಕೈಲಿದ್ದ ಹಿಡಿತ ಯಾಕೆ ಹೋಯಿತು, ಯಾಕೆ ತಿರುಗಿ ಬಂತು ಅನ್ನುವ ಚರಿತ್ರೆ ತಿಳಿದರೆ ಅರ್ಧ ಕೆಲಸ ಆಯ್ತದೆ.

ಕ್ಯಾಮೆರಾದಲ್ಲಿ ಬೆಳಕಿನ ಲೆಕ್ಕ ಮೂರೇ ಮೂರು. ಒಕ್ಕಲುತನ ಮಾಡುವವರಿಗೆ ಇದು ಬೇಗ ತಿಳೀತದೆ. ಪಾತಿಗೆ ನೀರು ಹಾಯಿಸುವಾಗ ತೂಬನ್ನು ಎಷ್ಟು ಅಗಲ ತೆಗೆದೆ, ಎಷ್ಟು ಹೊತ್ತು ತೆಗೆದಿಟ್ಟೆ, ಪಾತಿಯಲ್ಲಿರುವ ಬೆಳೆಗೆ ಎಷ್ಟು ನೀರು ಬೇಕು, ಈ ಮೂರನ್ನೇ ಅಲ್ಲವೇ ನೋಡೋದು? ಲೆನ್ಸಿನೊಳಗಿನ ಕಂಡಿಯೇ ತೂಬು. ಅದಕ್ಕೆ ಅಪರ್ಚರ್ ಅಂತಾರೆ. ಬೆಳಕನ್ನು ಬಿಟ್ಟು ಮುಚ್ಚುವ ಕದ ಶಟರ್. ಫಿಲಮಿನ ಬಾಯಾರಿಕೆ ಮೂರನೆಯದು. ಅದನ್ನು ಆಗ ಎಎಸ್‌ಎ ಅನ್ನುತ್ತಿದ್ದರು, ಈಗ ಐಎಸ್‌ಒ ಅಂತಾರೆ. 100ರ ಫಿಲಂ ಅರಿಶಿನದ ಹಾಗೆ, ನೀರು ಬಹಳ ಬೇಕು. 400ರ ಫಿಲಂ ರಾಗಿಯ ಹಾಗೆ, ನಾಲ್ಕನೇ ಒಂದು ಪಾಲು ಸಾಕು. ಆದರೆ ರಾಗಿಯ ಹಾಗೇ ಚಿತ್ರವೂ ಕಾಳುಕಾಳಾಗಿ ಬತ್ತದೆ.

ಅಪರ್ಚರಿನ ಅಂಕಿ 2, 2.8, 4, 5.6, 8, 11, 16 ಅಂತ ಹೋಗ್ತದೆ. ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗ್ತದೆ. ಶಟರಿನದು ಸೆಕೆಂಡಿನ 30ನೇ ಒಂದು ಭಾಗ, 60ನೇ ಒಂದು, 125, 250, 500. ಇಲ್ಲೂ ಮೆಟ್ಟಿಲಿಗೆ ಅರ್ಧ. ಕಂಸಾಳೆಯಲ್ಲಿ ಒಂದು ಏಟಿದ್ದ ಕಡೆ ಎರಡು, ಎರಡಿದ್ದ ಕಡೆ ನಾಲ್ಕು ಬಾರಿಸುತ್ತೇವಲ್ಲ, ಅದೇ ಲೆಕ್ಕ. ಒಂದನ್ನು ಒಂದು ಮೆಟ್ಟಿಲು ಇಳಿಸಿದರೆ ಇನ್ನೊಂದನ್ನು ಒಂದು ಮೆಟ್ಟಿಲು ಏರಿಸು, ಬೆಳಕು ಸಮವಾಯ್ತದೆ. ಬೆಳಕು ಸಮವಾದರೂ ಚಿತ್ರ ಮಾತ್ರ ಒಂದೇ ಅಲ್ಲ. ಕಂಡಿ ದೊಡ್ಡದಿದ್ದರೆ ಮುಖ ಒಂದೇ ಸ್ಪಷ್ಟವಾಗಿ ಹಿಂದಿನ ಗೋಡೆ, ಜನ ಎಲ್ಲ ಮಸುಕಾಗ್ತದೆ. ಚಿಕ್ಕದಿದ್ದರೆ ಮುಖವೂ ಸ್ಪಷ್ಟ, ಹಿಂದಿನ ಬೆಟ್ಟವೂ ಸ್ಪಷ್ಟ. ಕದ ಬೇಗ ಮುಚ್ಚಿದರೆ ಓಟ ನಿಂತುಹೋಗ್ತದೆ, ನಿಧಾನಕ್ಕೆ ಮುಚ್ಚಿದರೆ ಓಟದ ಗೆರೆ ಮೂಡ್ತದೆ. ಫೋಟೋ ತೆಗೆಯುವವನ ಮನಸ್ಸು ಕೆಲಸ ಮಾಡುವ ಜಾಗ ಇದೇ. ಇದು ಯಾರ ಕೈಲಿರಬೇಕು ಎನ್ನುವುದೇ ಕ್ಯಾಮೆರಾದ ನೂರೆಂಬತ್ತು ವರ್ಷದ ಚರಿತ್ರೆ.

ಫ್ರಾನ್ಸಿನ ಡಾಗೆರ್ ಎಂಬಾತನ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡುತ್ತಿತ್ತು. ಆಗ ಶಟರ್ ಎಂಬುದೇ ಇರಲಿಲ್ಲ. ಲೆನ್ಸಿನ ಮುಚ್ಚಳ ಕೈಯಲ್ಲಿ ತೆಗೆಯಬೇಕು, ಎಣಿಸಬೇಕು, ಮತ್ತೆ ಮುಚ್ಚಬೇಕು. ಕೂತವನು ಅಲ್ಲಾಡದಿರಲಿ ಎಂದು ತಲೆಯ ಹಿಂದೆ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಆ ಕಾಲದ ಚಿತ್ರದಲ್ಲಿ ಎಲ್ಲರೂ ಬಿಗಿದುಕೊಂಡು ಕೂತಿರುವುದು ಅದಕ್ಕೇ, ಗತ್ತಿಗಲ್ಲ. ಕಷ್ಟವೇನೋ ಬೇಕಾದಷ್ಟಿತ್ತು, ಆದರೆ ಲೆಕ್ಕವೆಲ್ಲ ತೆಗೆಯುವವನ ಕೈಲೇ ಇತ್ತು.

ಮೊದಲ ಸಲ ಅದನ್ನು ಕೈಯಿಂದ ಕಿತ್ತುಕೊಂಡವರು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವರು ಕೊಡಾಕ್ ಎಂಬ ಪೆಟ್ಟಿಗೆ ಮಾರಿದರು. ಬೆಲೆ 25 ಡಾಲರ್, ಒಳಗೆ 100 ಚಿತ್ರಕ್ಕಾಗುವ ಫಿಲಂ ಸುರುಳಿ. ಕಂಡಿ ಒಂದೇ ಅಳತೆ, ಕದ ಒಂದೇ ವೇಗ. ಗುಂಡಿ ಒತ್ತುವುದಷ್ಟೇ ಕೊಂಡವನ ಕೆಲಸ. ನೂರೂ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಂಪನಿಗೆ ಕಳಿಸಿದರೆ ಚಿತ್ರ ತೊಳೆದು, ಹೊಸ ಫಿಲಂ ತುಂಬಿ ವಾಪಸು ಕಳಿಸುತ್ತಿದ್ದರು, ಅದಕ್ಕೆ 10 ಡಾಲರ್. 1900ರಲ್ಲಿ ಬ್ರೌನಿ ಎಂಬ ಒಂದೇ ಡಾಲರಿನ ಡಬ್ಬ ಬಂತು. ಇದನ್ನು ನಾನು ಕೆಟ್ಟದ್ದು ಅನ್ನಲ್ಲ. ಬಡವರ ಮನೆಯ ಮಕ್ಕಳ ಚಿತ್ರ ಉಳಿದದ್ದು ಇಂಥ ಡಬ್ಬಗಳಿಂದ. ನಮ್ಮ ಕಡೆ ಮದುವೆ ಮನೆಗಳಲ್ಲಿ ಕಾಣುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಅದೇ ಜಾತಿಯದು. ಬಿಸಿಲಿನ ಗುರುತು, ಮೋಡದ ಗುರುತು, ಅಷ್ಟರಲ್ಲೇ ಮುಗೀತು. ಬಿಸಿಲಲ್ಲಿ ನಿಲ್ಲಿಸಿ ತೆಗೆದರೆ ಚೆನ್ನಾಗಿ ಬರುತ್ತಿತ್ತು. ಹಾಡುಗಾರರು ಕೂರೋದು ರಾತ್ರಿ ಜಗಲಿಯ ಮೇಲೆ. ಅಲ್ಲಿಗೆ ಆ ಡಬ್ಬ ಬರುವ ಹಾಗಿರಲಿಲ್ಲ.

ಇನ್ನೊಂದು ದಾರಿ ಜರ್ಮನಿಯಲ್ಲಿ ತೆರೆಯಿತು. ಆಸ್ಕರ್ ಬಾರ್ನಾಕ್ ಎಂಬ ಕುಶಲಿಗ ಸಿನಿಮಾದ 35 ಮಿಲಿಮೀಟರ್ ಫಿಲಮನ್ನೇ ಬಳಸಿ ಅಂಗೈಗಾಗುವ ಕ್ಯಾಮೆರಾ ಮಾಡಿದ. ಅದೇ ಲೈಕಾ, 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಮಾರಾಟಕ್ಕೆ ಬಂತು. ಒಂದೊಂದು ಚಿತ್ರದ ಅಳತೆ 24ಕ್ಕೆ 36 ಮಿಲಿಮೀಟರ್. ಇವತ್ತು ‘ಫುಲ್ ಫ್ರೇಮ್’ ಅಂತ ದುಬಾರಿಗೆ ಮಾರುವ ಡಿಜಿಟಲ್ ಕ್ಯಾಮೆರಾದ ಅಳತೆಯೂ ಅದೇ. ಮೇಲೆ ಶಟರಿನ ಡಯಲು, ಲೆನ್ಸಿಗೆ ಅಪರ್ಚರಿನ ಬಳೆ ಎಂಬ ಪದ್ಧತಿ ಈ ಬಗೆಯ ಕ್ಯಾಮೆರಾಗಳಲ್ಲಿ ನೆಲೆ ನಿಂತಿತು. ಕಣ್ಣು ಹಾಯಿಸಿದರೆ ಎಷ್ಟಿಟ್ಟಿದ್ದೇನೆ ಎಂದು ಗೊತ್ತಾಗುತ್ತಿತ್ತು, ಕ್ಯಾಮೆರಾ ಮುಖಕ್ಕೆ ಹಿಡಿಯುವ ಮುಂಚೆಯೇ.

ನಾನಿದ್ದ ಸ್ಟುಡಿಯೋದಲ್ಲಿ ಇದ್ದದ್ದು ಯಾಶಿಕಾದ ಎರಡು ಕಣ್ಣಿನ ಪೆಟ್ಟಿಗೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಬೇಕು. ಎಡ ಬಲವಾಗಿ ಕಾಣ್ತದೆ. ಒಂದು ಸುರುಳಿಗೆ 12 ಚಿತ್ರ. ಫಿಲಂ ಒಂದೊಂದು ಸಲ ಪೂರ್ವ ಜರ್ಮನಿಯ ಓರ್ವೋ, ಒಂದೊಂದು ಸಲ ನಮ್ಮ ಇಂದು. ಇಂದು ಫಿಲಂ ನಮಗೆ ದೂರದ್ದಲ್ಲ. ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆ ಇತ್ತಲ್ಲ, ಅಲ್ಲಿ ಆಗುತ್ತಿತ್ತು. ಕಂಪನಿ ಹುಟ್ಟಿದ್ದು 1960ರಲ್ಲಿ, ಫಿಲಂ ಮಾಡಲು ಶುರು ಮಾಡಿದ್ದು 1967ರಲ್ಲಿ, ಫ್ರಾನ್ಸಿನವರ ತಾಂತ್ರಿಕ ನೆರವಿನಿಂದ. ಧೂಳು ಬಿದ್ದರೆ ಫಿಲಂ ಕೆಟ್ಟಂತೆ, ಅದಕ್ಕೆ ನೀಲಗಿರಿಯ ತಂಪು, ಚೊಕ್ಕಟ ಗಾಳಿ ಬೇಕಾಯಿತು. ಮೇಷ್ಟ್ರುಗಳು ಮಕ್ಕಳಿಗೆ ನೀಲಗಿರಿ ಎಂದರೆ ಟೀ, ಕ್ಯಾರೆಟ್ಟು ಎಂದಷ್ಟೇ ಹೇಳದೆ ಇದನ್ನೂ ಹೇಳಬೇಕು. ದೇಶದ ಎಷ್ಟೋ ಆಸ್ಪತ್ರೆಯ ಎಕ್ಸ್‌ರೇ, ಎಷ್ಟೋ ಮನೆಯ ಕಪ್ಪು ಬಿಳುಪು ಚಿತ್ರ ಆ ಬೆಟ್ಟದಿಂದ ಇಳಿದು ಬಂದ ಫಿಲಮಿನವು. ಈಗ ಕಾರ್ಖಾನೆ ಮುಚ್ಚಿದೆ.

ಆ ಸ್ಟುಡಿಯೋದ ಯಜಮಾನರು ಬೆಳಕು ಅಳೆಯುವ ಯಂತ್ರ ಬಳಸುತ್ತಿರಲಿಲ್ಲ. ಒಳ್ಳೆ ಬಿಸಿಲಿದ್ದರೆ ಕಂಡಿ 16ಕ್ಕೆ ಇಡು, ಫಿಲಮಿನ ಅಂಕಿ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕೆ ಶಟರ್ ಇಡು ಎಂಬುದು ಲೋಕದ ಫೋಟೋಗ್ರಾಫರುಗಳಿಗೆಲ್ಲ ಗೊತ್ತಿದ್ದ ಸೂತ್ರ. ಮೋಡ ಬಂದರೆ ಎರಡು ಮೆಟ್ಟಿಲು ಬಿಡು, ನೆರಳಾದರೆ ಮೂರು. ನನಗೆ ಕತೆ ಕಲಿಸಿದ ಗುರುಗಳನ್ನು ಒಂದು ದಿನ ತಂಬೂರಿ ಸಮೇತ ಅಲ್ಲಿಗೆ ಕರೆದೊಯ್ದಿದ್ದೆ. ಯಜಮಾನರು ದೀಪ ಹಾಕಲಿಲ್ಲ. ಕಿಟಕಿ ಪಕ್ಕ ಕೂರಿಸಿ, ಕಂಡಿಯನ್ನು 4ಕ್ಕೆ ತೆಗೆದು, ಶಟರನ್ನು 30ಕ್ಕೆ ಇಟ್ಟು, “ಹಾಡಿ ಸ್ವಾಮಿ, ನಡುವೆ ಉಸಿರು ಎಳೆಯುವಾಗ ನಾನು ಒತ್ತುತೀನಿ” ಎಂದರು. ಆ ಚಿತ್ರದಲ್ಲಿ ಗುರುಗಳ ಹಣೆಯ ಗೆರೆ ಎಣಿಸಬಹುದು, ಕೈಬೆರಳು ಮಾತ್ರ ತಂತಿಯ ಮೇಲೆ ಕೊಂಚ ಅಲುಗಿದೆ. ಅಲುಗಿದ್ದೇ ಸರಿ, ಮೀಟುತ್ತಿದ್ದ ಕೈ ಅದು. ಅವರು ತೀರಿಹೋಗಿ ಮೂವತ್ತು ವರ್ಷದ ಮೇಲಾಯಿತು. ಇರೋದು ಅದೊಂದೇ ಚಿತ್ರ.

ಇತ್ತ ಜಪಾನಿನಲ್ಲಿ ಕ್ಯಾಮೆರಾ ತಾನೇ ಲೆಕ್ಕ ಹಾಕಲು ಕಲಿಯುತ್ತಿತ್ತು. ಅಮೆರಿಕದಲ್ಲಿ 1938ರಷ್ಟು ಹಿಂದೆಯೇ ಕೊಡಾಕಿನವರು ತಾನೇ ಬೆಳಕು ಹೊಂದಿಸಿಕೊಳ್ಳುವ ಒಂದನ್ನು ಮಾಡಿದ್ದರು, ಬೆಲೆ ಜಾಸ್ತಿಯಾಗಿ ನಡೆಯಲಿಲ್ಲ. 1976ನೇ ಇಸವಿ ಮಾತ್ರ ನೆನಪಿಡಬೇಕಾದದ್ದು. ಆ ವರ್ಷ ಕ್ಯಾನನ್ನಿನ ಎಇ-1 ಬಂತು, ಒಳಗೆ ಪುಟ್ಟ ಗಣಕದ ತುಣುಕು. ಶಟರ್ ನೀನು ಇಡು, ಕಂಡಿ ನಾನು ನೋಡ್ಕತೀನಿ ಎನ್ನುವ ಕ್ಯಾಮೆರಾ. ಅದೇ ವರ್ಷ ಪೆಂಟಾಕ್ಸಿನ ಕೆ1000 ಕೂಡ ಬಂತು. ಅದರಲ್ಲಿ ಬೆಳಕು ತೋರಿಸುವ ಒಂದು ಮುಳ್ಳು ಬಿಟ್ಟರೆ ಬೇರೇನೂ ಇಲ್ಲ, ಎಲ್ಲ ಕೈಯಲ್ಲೇ. ಬ್ಯಾಟರಿ ಸತ್ತರೂ ಶಟರ್ ಬೀಳ್ತದೆ. ಲೋಕ ಎಇ-1ರ ಹಿಂದೆ ಹೋಯಿತು, ಆದರೆ ಫೋಟೋ ಕಲಿಯುವ ಮಕ್ಕಳಿಗೆ ಕೆ1000 ಬೇಕೇ ಬೇಕು ಎಂದು ಅದನ್ನು 1997ರವರೆಗೂ ಮಾಡುತ್ತಲೇ ಇದ್ದರು. 1985ರಲ್ಲಿ ಮಿನೋಲ್ಟಾ 7000 ಎಂಬುದು ಡಯಲುಗಳನ್ನೇ ತೆಗೆದು ಒತ್ತುಗುಂಡಿ ಇಟ್ಟಿತು. 1987ರಲ್ಲಿ ಕ್ಯಾನನ್ನಿನವರ ಇಒಎಸ್ ಬಂದಾಗ ಲೆನ್ಸಿನ ಮೇಲಿನ ಅಪರ್ಚರ್ ಬಳೆಯೂ ಹೋಯಿತು. ಅಂಕಿಗಳು ಕಿಟಕಿಯೊಳಗಿನ ಗಾಜಿಗೆ ಸೇರಿಕೊಂಡವು. ಹಿಡಿತ ಇತ್ತು, ಮುಟ್ಟಿದರೆ ಸಿಗುವ ಜಾಗದಲ್ಲಿ ಇರಲಿಲ್ಲ.

ಡಿಜಿಟಲ್ ಬಂದದ್ದು ಇದರ ಮೇಲೆ. ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲೇ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದರು. ತೂಕ ಮೂರೂವರೆ ಕೆ.ಜಿ.ಗೂ ಮೇಲೆ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. ಹಾಡಿನ ಕ್ಯಾಸೆಟ್ಟಿನಂಥದ್ದೇ! ಆ ವಿದ್ಯೆಯನ್ನು ಹುಟ್ಟಿಸಿದ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. 2000ದ ಮೇಲೆ ಊರೂರಿಗೆ ಬಂದ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ನೋಡಿ, ಅವು 1888ರ ಪೆಟ್ಟಿಗೆಯ ಮೊಮ್ಮಕ್ಕಳು. ಒತ್ತು, ಮುಗೀತು. ಏನಾದರೂ ಬದಲಿಸಬೇಕೆಂದರೆ ಪರದೆಯೊಳಗೆ ಪಟ್ಟಿ, ಪಟ್ಟಿಯೊಳಗೆ ಇನ್ನೊಂದು ಪಟ್ಟಿ. ಅಷ್ಟು ಹೊತ್ತಿಗೆ ಕುಣಿತ ಮುಗಿದಿರ್ತದೆ.

ಈ ಬೇಸರ ನಮ್ಮೊಬ್ಬರದಲ್ಲ, ಲೋಕದ ಎಲ್ಲ ಕಡೆ ಇತ್ತು. 2004ರಲ್ಲಿ ಪ್ರಿಂಟರ್ ಮಾಡುವ ಎಪ್ಸನ್ ಕಂಪನಿ ಆರ್-ಡಿ1 ಎಂಬ ಕ್ಯಾಮೆರಾ ತಂದಿತು. ಫಿಲಂ ಇಲ್ಲದಿದ್ದರೂ ಫಿಲಂ ಎಳೆಯುವ ಹಿಡಿಕೆ ಇತ್ತು, ಒಂದೊಂದು ಚಿತ್ರಕ್ಕೂ ಅದನ್ನು ಎಳೆದು ಶಟರ್ ಬಿಗಿಯಬೇಕು. ಮೇಲೆ ಗಡಿಯಾರದಂತೆ ಮುಳ್ಳುಗಳು. ಕೊಂಡವರು ಕಡಿಮೆ, ನೆನೆಯುವವರು ಜಾಸ್ತಿ. ಜನ ಮುಗಿಬಿದ್ದದ್ದು 2011ರಲ್ಲಿ ಬಂದ ಫ್ಯೂಜಿ ಎಕ್ಸ್100ಕ್ಕೆ. ಅದೇ ಮಾರ್ಚಿ ತಿಂಗಳ ಭೂಕಂಪದಿಂದ ಅದನ್ನು ಮಾಡುವ ಕಾರ್ಖಾನೆ ಕೆಲವು ಕಾಲ ನಿಂತೂ ಹೋಗಿತ್ತು. ಅದರ ಜಾಣ್ಮೆ ನನಗೆ ಬಹಳ ಹಿಡಿಸಿದೆ. ಶಟರಿನ ಡಯಲಿನಲ್ಲಿ ಅಂಕಿಗಳ ಜೊತೆ ‘ಎ’ ಎಂಬ ಗುರುತು, ಅಪರ್ಚರ್ ಬಳೆಯಲ್ಲೂ ಒಂದು ‘ಎ’. ಎರಡನ್ನೂ ‘ಎ’ಗೆ ಇಟ್ಟರೆ ಯಂತ್ರವೇ ಲೆಕ್ಕ ಹಾಕ್ತದೆ. ಬಳೆಯನ್ನು 2ಕ್ಕೆ ತಿರುಗಿಸಿದರೆ ಶಟರನ್ನಷ್ಟೇ ಅದು ನೋಡ್ಕತದೆ. ಎರಡನ್ನೂ ತಿರುಗಿಸಿದರೆ ಲೆಕ್ಕವೆಲ್ಲ ನಿಮ್ಮದು. ಎಷ್ಟು ಭಾಗ ಯಂತ್ರಕ್ಕೆ, ಎಷ್ಟು ಭಾಗ ನನಗೆ ಅನ್ನೋ ಪಾಲುಪಾರಿಕತ್ತು ಹೊರಗಡೆಯೇ ಕಾಣ್ತದೆ. 2013ರಲ್ಲಿ ನಿಕಾನ್ ಡಿಎಫ್, 2014ರಲ್ಲಿ ಐಎಸ್‌ಒಗೂ ಬೇರೆ ಡಯಲಿದ್ದ ಫ್ಯೂಜಿ ಎಕ್ಸ್-ಟಿ1, 2021ರಲ್ಲಿ ನಿಕಾನ್ ಜೆಡ್ ಎಫ್‌ಸಿ, ಹೀಗೆ ಸಾಲು ಬೆಳೆಯಿತು.

ಇಲ್ಲಿ ಒಂದು ಮಾತು. ಇವುಗಳಲ್ಲಿ ಕೆಲವು ವೇಷ. ಹಿತ್ತಾಳೆ ಬಣ್ಣ, ಚರ್ಮದ ಹೊದಿಕೆ ನೋಡಿ ದುಡ್ಡು ಕೊಡುವುದು, ಕಂಸಾಳೆ ಹಿಡಿದವನೆಲ್ಲ ದೇವರಗುಡ್ಡ ಎಂದ ಹಾಗೆ. ನಾವು ಕೇಳಬೇಕಾದದ್ದು ಹಳೆಯದರ ಹಾಗೆ ಕಾಣ್ತದೆಯೇ ಅಂತಲ್ಲ, ಮೂರು ಲೆಕ್ಕವೂ ನಮ್ಮ ಕೈಗೆ ಬೇಗ ಸಿಗ್ತದೆಯೇ ಅಂತ.

ಯಾಕೆ ಬೇಕು ಎಂಬುದಕ್ಕೆ ನಮ್ಮ ಸೀಮೆಯ ಉದಾಹರಣೆಯನ್ನೇ ಕೊಡ್ತೀನಿ. ದೀಪಾವಳಿ ಕಳೆದ ಮೇಲೆ ಗುಮಟಾಪುರದ ಗೊರೆಹಬ್ಬಕ್ಕೆ ಎಲ್ಲೆಲ್ಲಿಂದಲೋ ಫೋಟೋಗ್ರಾಫರುಗಳು ಬರ್ತಾರೆ. ಸಗಣಿ ಉಂಡೆ ಗಾಳಿಯಲ್ಲಿರುವಾಗಲೇ ನಿಲ್ಲಬೇಕಾದರೆ ಶಟರ್ 1000ಕ್ಕೆ ಇರಬೇಕು. ಕಂಸಾಳೆ ಕುಣಿತಕ್ಕೆ ಅದೇ 1000 ಇಟ್ಟರೆ ಏನಾಯ್ತದೆ? ತಾಳ ಗಾಳಿಯಲ್ಲಿ ನೇತುಹಾಕಿದ ತಟ್ಟೆಯಂತೆ ನಿಂತುಬಿಡ್ತದೆ, ಕುಣಿತವೇ ಸತ್ತ ಹಾಗೆ. 30ಕ್ಕೆ ಇಳಿಸಿ ನೋಡಿ, ಕುಣಿಯುವವನ ಮುಖ ಒಂದು ಗಳಿಗೆ ನಿಂತ ಕಡೆ ಸ್ಪಷ್ಟ, ಹಿತ್ತಾಳೆ ತಾಳದ ದಾರಿ ಬಿಲ್ಲಿನ ಹಾಗೆ ಮೂಡ್ತದೆ. ಯಂತ್ರಕ್ಕೆ ಸಗಣಿ ಉಂಡೆ ಯಾವುದು, ಕಂಸಾಳೆ ಯಾವುದು ಎಂಬ ಭೇದ ಗೊತ್ತಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಕ್ಯಾಮೆರಾದ ಬೆಳಕು ಅಳೆಯುವ ಯಂತ್ರ ಲೋಕವೆಲ್ಲ ಸರಾಸರಿ ಬೂದುಬಣ್ಣ ಎಂದುಕೊಂಡು ಲೆಕ್ಕ ಹಾಕ್ತದೆ. ಸುಣ್ಣ ಬಳಿದ ಗುಡಿಯ ಗೋಡೆಯ ಮುಂದೆ ಬಿಳಿ ಪಂಚೆ, ಬಿಳಿ ರುಮಾಲಿನ ನಮ್ಮ ಕರಿಮೈ ಹಾಡುಗಾರನನ್ನು ನಿಲ್ಲಿಸಿ. ‘ಅಬ್ಬ ಎಷ್ಟು ಬೆಳಕು’ ಎಂದು ಅದು ಕಂಡಿ ಮುಚ್ಚಿಕೊಳ್ತದೆ. ಗೋಡೆ ಬೂದಿಯಾಗ್ತದೆ, ಮುಖ ಮಸಿಯಾಗ್ತದೆ. ರಾತ್ರಿ ಕತ್ತಲಲ್ಲಿ ಒಂದೇ ದೀಪದ ಮುಂದೆ ಕೂರಿಸಿ, ಕತ್ತಲನ್ನೂ ಬೂದಿ ಮಾಡಲು ಹೋಗಿ ದೀಪದ ಸುತ್ತ ಸುಣ್ಣ ಸುರಿದಂತೆ ಮಾಡ್ತದೆ. ನಮ್ಮ ವಾಚನಾಲಯದ ಗೋಡೆಯ ಮೇಲಿರುವ ಎಷ್ಟು ಚಿತ್ರದಲ್ಲಿ ಹಾಡುಗಾರರ ಕಣ್ಣು ಕಾಣ್ತದೆ, ಎಣಿಸಿ ನೋಡಿ. ಇದಕ್ಕೆ ಮದ್ದು ಸುಲಭ. ಪ್ಲಸ್ ಮೈನಸ್ ಎಂದು ಬರೆದ ಡಯಲೊಂದು ಇರ್ತದೆ. ಬಿಳಿ ಗೋಡೆಗೆ ಪ್ಲಸ್ ಒಂದು ಅಥವಾ ಒಂದೂವರೆ, ಕತ್ತಲಿಗೆ ಮೈನಸ್ ಒಂದು. ಅಷ್ಟು ತಿರುಗಿಸಿದರೆ ಮುಖ ಮುಖವಾಗಿ, ಇರುಳು ಇರುಳಾಗಿ ಬತ್ತದೆ.

ಫೋನಿನಲ್ಲೂ ‘ಪ್ರೊ’ ಎಂಬ ಕಡೆ ಶಟರ್, ಐಎಸ್‌ಒ ಬದಲಿಸಬಹುದು, ನಿಜ. ಆದರೆ ಬಹುಪಾಲು ಫೋನುಗಳಲ್ಲಿ ಕಂಡಿ ಒಂದೇ ಅಳತೆ, ತೂಬು ಕದಲಲ್ಲ. ಮೇಲಾಗಿ ಅದು ನಾಲ್ಕಾರು ಚಿತ್ರ ಕೂಡಿಸಿ, ಮುಖದ ಸುಕ್ಕು ಒರೆಸಿ, ರಾತ್ರಿಯನ್ನು ಹಗಲು ಮಾಡಿ ಕೊಡ್ತದೆ. ಎಪ್ಪತ್ತು ವರ್ಷ ಬಿಸಿಲಲ್ಲಿ ದುಡಿದ ಮುಖದ ಸುಕ್ಕು ಒರೆಸಲು ಇವರು ಯಾರು?

ಹಾಗಾದರೆ ಯಾವುದನ್ನು ಕೊಳ್ಳೋದು? ಹೊಸ ಡಯಲು ಕ್ಯಾಮೆರಾಗಳು ನಮ್ಮ ವಾಚನಾಲಯದ ಗಂಟಿಗೆ ಭಾರ. ಸೆಕೆಂಡ್ ಹ್ಯಾಂಡಿನಲ್ಲಿ ಹಳೇ ಎಕ್ಸ್100ರ ಜಾತಿಯದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ತರಬಹುದು. ಅದರ ಲೆನ್ಸು 2ರ ಕಂಡಿಯದು, ರಾತ್ರಿಗೆ ಆಯ್ತದೆ. ಆದರೆ ಅದರ ಲೆನ್ಸು ಕಳಚಲು ಬರಲ್ಲ, ದೂರದ್ದು ಹತ್ತಿರ ಕಾಣಲ್ಲ. ಅದು ಸಿಗದಿದ್ದರೆ ಸಾಧಾರಣ ಡಿಎಸ್‌ಎಲ್‌ಆರ್ ಒಂದು ಸಾಕು, ಮೇಲಿನ ಡಯಲಿನಲ್ಲಿ ‘ಎಂ’ ಎಂಬ ಗುರುತಿದ್ದರೆ ಮೂರು ಲೆಕ್ಕವೂ ಕೈಗೆ ಬತ್ತದೆ. ಬೆರಳಿಗೆ ಎರಡು ಚಕ್ರ ಇರುವುದೇ ಮೇಲು, ಒಂದಕ್ಕೆ ಶಟರ್, ಇನ್ನೊಂದಕ್ಕೆ ಅಪರ್ಚರ್. ಒಂದೇ ಚಕ್ರವಿದ್ದರೆ ಇನ್ನೊಂದು ಗುಂಡಿ ಒತ್ತಿಕೊಂಡು ತಿರುಗಿಸಬೇಕು, ಕತ್ತಲಲ್ಲಿ ಪರದಾಟ. ಅದರ ಜೊತೆ ಬರುವ ಜೂಮ್ ಲೆನ್ಸಿನ ಕಂಡಿ ಚಿಕ್ಕದು, ಜಗಲಿಯ ಹಾಡಿಗೆ ಆಗಲ್ಲ. 1.8ರ ಕಂಡಿಯ ಲೆನ್ಸು ಬೇರೆ ಕೊಳ್ಳಬೇಕು. ಎಲ್ಲರೂ 50 ಮಿಲಿಮೀಟರಿನದು ಅಂತಾರೆ, ಅಗ್ಗ ಅಂತ. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದು 75ರಂತೆ ನೋಡ್ತದೆ, ನಮ್ಮ ಜಗಲಿಯಲ್ಲಿ ಹಿಂದೆ ಸರಿಯಲು ಜಾಗವೆಲ್ಲಿ? 35ರದ್ದು ನಮಗೆ ಸರಿ. 1.8ರ ಕಂಡಿ, 60ರ ಶಟರ್, 3200ರ ಐಎಸ್‌ಒ ಇಟ್ಟರೆ ಒಂದು ದೀಪದ ಬೆಳಕಿಗೂ ಮುಖ ಸಿಗ್ತದೆ, ಫ್ಲಾಶ್ ಬೇಕಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು ಮೂರು. ಕಣ್ಣಿಟ್ಟು ನೋಡುವ ಕಿಟಕಿ ಇದೆಯೇ, ಬಿಸಿಲಲ್ಲಿ ಹಿಂದಿನ ಪರದೆ ಕಾಣಲ್ಲ. ‘ರಾ’ ಎಂಬ ಬಗೆಯಲ್ಲಿ ಚಿತ್ರ ಉಳಿಸ್ತದೆಯೇ, ಅದು ಈ ಕಾಲದ ನೆಗೆಟಿವ್, ಬೆಳಕು ಹೆಚ್ಚುಕಮ್ಮಿ ಆದರೆ ತಕ್ಕಮಟ್ಟಿಗೆ ಸರಿಪಡಿಸಬಹುದು. ಫ್ಲಾಶನ್ನು ಪೂರಾ ಆರಿಸಲು ಬತ್ತದೆಯೇ. ಮೆಗಾಪಿಕ್ಸೆಲ್ ಲೆಕ್ಕ ಹೇಳಲು ಬಂದರೆ ಕೇಳಿಸಿಕೊಂಡು ಸುಮ್ಮನಿರಿ. ಮೊದಲ ಎಕ್ಸ್100ರದ್ದು 12 ಅಷ್ಟೇ, ನಮ್ಮ ಗೋಡೆಗೆ ಹಾಕುವ ಚಿತ್ರಕ್ಕೆ ಅದು ಧಾರಾಳ.

ಡಿಜಿಟಲ್ಲಿನ ಒಂದು ಉಪಕಾರ ಒಪ್ಪಿಕೊಳ್ಳಬೇಕು. ನಮ್ಮ ಯಜಮಾನರು ನೆಗೆಟಿವ್ ಹಾಕಿದ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ ಕಂಡಿ, ಶಟರ್, ದಿನ ಎಲ್ಲವನ್ನೂ ಈಗ ಕ್ಯಾಮೆರಾವೇ ಚಿತ್ರದೊಳಗೆ ಬರೆದಿಟ್ಟುಕೊಳ್ತದೆ, ಹುಡುಗರು ಅದನ್ನು ನೋಡಿಯೇ ಕಲಿಯಬಹುದು. ಹಾಡಿದವರ ಹೆಸರು, ಊರು, ಯಾವ ಕತೆಯ ಯಾವ ಸಾಲು ಎಂಬುದನ್ನು ಅದು ಬರೆಯಲ್ಲ. ಅದಕ್ಕೆ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ವಾಚನಾಲಯದ ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿದ್ದೇವೆ, ಜೊತೆಗೆ ಒಂದು ಪೆನ್ನು.